ಗೃಹಸ್ಥರ ಪುಟ: ಮನೆಗೆ ಮೊದಲ ಸ್ಟೀರಿಯೋ

ಗೃಹಸ್ಥನು ಹಣ ಕೊಟ್ಟು ಮನೆಗೆ ತರುವ ಪದಾರ್ಥಗಳಲ್ಲಿ ಎರಡು ಬಗೆಯುಂಟು. ಅಕ್ಕಿ, ಬೇಳೆ, ಬಟ್ಟೆ, ಬಂಗಾರ ಇವುಗಳನ್ನು ತೂಗಿಯೋ, ಅಳೆದೋ, ಒರೆಗೆ ಹಚ್ಚಿಯೋ ಇಂತಿಷ್ಟು ಬೆಲೆಬಾಳುವುದೆಂದು ನಿರ್ಣಯಿಸಬಹುದು. ವೀಣೆ, ಮೃದಂಗ ಮೊದಲಾದುವನ್ನಾದರೋ ಹಾಗೆ ನಿರ್ಣಯಿಸಲಾಗದು. ಅಲ್ಲಿ ಕಿವಿಯೇ ತಕ್ಕಡಿ. ಮನೆಯಲ್ಲಿ ಸಂಗೀತವನ್ನು ಕೇಳಿಸುವ ಸ್ಟೀರಿಯೋ ಯಂತ್ರವು ಈ ಎರಡನೆಯ ಬಗೆಗೆ ಸೇರಿದುದು. ಆದರೆ ಪೇಟೆಯಲ್ಲಿ ಅದನ್ನು ಮೊದಲನೆಯ ಬಗೆಯ ಸರಕಿನಂತೆ, ಪೆಟ್ಟಿಗೆಯ ಮೇಲೆ ದಪ್ಪ ದಪ್ಪ ಅಂಕಿಗಳನ್ನು ಅಚ್ಚು ಹಾಕಿ ಮಾರುವರು. ಅಂಕಿ ದೊಡ್ಡದಾದರೆ ನಾದವೂ ದೊಡ್ಡದು, ನಾದ ದೊಡ್ಡದಾದರೆ ಸಂಗೀತವೂ ಒಳ್ಳೆಯದು ಎಂದು ನಂಬಿ, ವರ್ಷವೆಲ್ಲ ಕೂಡಿಟ್ಟ ಹಣವನ್ನು ಒಂದು ಸಂಜೆಯಲ್ಲಿ ಸುರಿದು ಬಂದ ಗೃಹಸ್ಥರನ್ನು ನಾವು ಹಲವರನ್ನು ಬಲ್ಲೆವು. ಅಂತಹವರ ಮನೆಯ ಯಂತ್ರಗಳು ಆರು ತಿಂಗಳ ತರುವಾಯ ಮೇಲೊಂದು ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿರುವುದನ್ನೂ ಕಂಡಿದ್ದೇವೆ.

ಈ ತಿಂಗಳು ಈ ವಿಷಯವನ್ನೆತ್ತಿಕೊಳ್ಳುವುದಕ್ಕೆ ಒಂದು ಕಾರಣವುಂಟು. ನಮ್ಮ ಹಳೆಯ ಶಿಷ್ಯನೊಬ್ಬನು, ಈಗ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವವನು, ಕೆಲವು ಕಾಲದ ಹಿಂದೆ ನಮ್ಮಲ್ಲಿಗೆ ಬಂದಿದ್ದನು. ಅವನ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ, ಹೆಂಡತಿ, ವೀಣೆ ಕಲಿಯುತ್ತಿರುವ ಮಗಳು, ಕಾಲೇಜಿಗೆ ಹೋಗುವ ಮಗ ಇದ್ದಾರೆ. ತಾಯಿಗೆ ಕಿವಿ ಸ್ವಲ್ಪ ಮಂದ. “ಮೇಷ್ಟ್ರೇ, ಒಂದು ವರ್ಷದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಕೂಡಿಸಿದ್ದೇನೆ. ಮನೆಗೊಂದು ಸ್ಟೀರಿಯೋ ತರಬೇಕೆಂದಿದೆ. ನಾವು ನಾಲ್ವರೂ ದಿನವೂ ಹಾಡು ಕೇಳುತ್ತೇವೆ. ಆದರೆ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಕೊಳವೆ. ಮನೆಯಲ್ಲಿ ಮಾತ್ರ ಹಾಡೇ ಇಲ್ಲ. ಅಮ್ಮನಿಗೆ ಆ ಕೊಳವೆ ಒಗ್ಗದು. ಮೊದಲು ರೇಡಿಯೋ ಹಾಕಿಕೊಂಡು ಹೂ ಕಟ್ಟುತ್ತಿದ್ದವರು, ಈಗ ಸುಮ್ಮನೆ ಬಾಗಿಲ ಕಡೆ ನೋಡುತ್ತ ಕೂತಿರುತ್ತಾರೆ” ಎಂದನು. ಅಂಗಡಿಯವರು ಅವನಿಗೆ ಐದು ಸ್ಪೀಕರುಗಳೂ ಒಂದು ದೊಡ್ಡ ಗುಡುಗುಪೆಟ್ಟಿಗೆಯೂ ಇರುವ ಕಟ್ಟನ್ನು ತೋರಿಸಿ, ಈ ಬೆಲೆಗೆ ಇದಕ್ಕಿಂತ ಲಾಭವಿಲ್ಲವೆಂದು ಹೇಳಿದ್ದರಂತೆ. “ಅಪ್ಪಾ, ಎರಡು ದಿನ ತಡೆ. ಕೊಳ್ಳುವುದು ಒಂದು ಗಳಿಗೆಯ ಕೆಲಸ, ಅದರೊಡನೆ ಬಾಳುವುದು ಹತ್ತು ವರ್ಷದ ಕೆಲಸ” ಎಂದು ಹೇಳಿ ಕಳುಹಿಸಿದೆವು. ಅವನಿಗೆ ಆಮೇಲೆ ಹೇಳಿದ ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದೆ ಕ್ರಮವಾಗಿ ಇಡುತ್ತೇವೆ.

ಮೊದಲು ಪದಾರ್ಥದ ಸ್ವರೂಪವನ್ನು ತಿಳಿಯೋಣ. ಸ್ಟೀರಿಯೋ ಎಂಬ ಮಾತು ಗ್ರೀಕ್ ಭಾಷೆಯಿಂದ ಬಂದುದು. ಘನವಾದುದು ಎಂದು ಅದರ ಮೂಲಾರ್ಥ. ಚಿತ್ರಪಟದಲ್ಲಿ ಉದ್ದಗಲಗಳು ಮಾತ್ರವಿದ್ದು ವಿಗ್ರಹದಲ್ಲಿ ಆಳವೂ ಸೇರಿರುವಂತೆ, ಸಾಮಾನ್ಯ ಧ್ವನಿಗಿಂತ ಸ್ಟೀರಿಯೋ ಧ್ವನಿಗೆ ಒಂದು ಘನತ್ವವುಂಟು. ಮನುಷ್ಯನಿಗೆ ಕಿವಿಗಳೆರಡು. ಎಡದಿಂದ ಬಂದ ಶಬ್ದವು ಎಡಗಿವಿಯನ್ನು ತುಸು ಮೊದಲೂ ತುಸು ಬಲವಾಗಿಯೂ ಮುಟ್ಟುವುದರಿಂದ, ಕಣ್ಣು ಮುಚ್ಚಿದ್ದರೂ ಶಬ್ದದ ದಿಕ್ಕು ನಮಗೆ ಗೊತ್ತಾಗುತ್ತದೆ. ಈ ತತ್ತ್ವವನ್ನು ಹಿಡಿದು, ಎರಡು ಮಾರ್ಗಗಳಲ್ಲಿ ಧ್ವನಿಯನ್ನು ಮುದ್ರಿಸಿ ಎರಡು ಸ್ಪೀಕರುಗಳಿಂದ ಹೊರಡಿಸುವ ವಿಧಾನಕ್ಕೆ ಇಂಗ್ಲೆಂಡಿನ ಅಲನ್ ಬ್ಲಮ್‌ಲೀನ್ ಎಂಬ ಇಂಜಿನಿಯರರು 1931ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಅಂತಹ ತಟ್ಟೆಗಳು ಸಾಮಾನ್ಯ ಜನರ ಕೈಗೆ ಬಂದುದು 1958ರ ಸುಮಾರಿಗೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾನವನ್ನು ತಟ್ಟೆಗಿಳಿಸಿದಂದಿನಿಂದ ಅಲ್ಲಿಯವರೆಗೆ ಮುದ್ರಿತವಾದುದು ಬಹುತೇಕ ಏಕಮಾರ್ಗದ ಧ್ವನಿಯೇ. ನಮ್ಮ ದೇಶದಲ್ಲಿ ಆ ಬಳಿಕವೂ ಅನೇಕ ವರ್ಷ ಹಾಗೆಯೇ ನಡೆಯಿತು. ಆದಕಾರಣ 1967ರಲ್ಲಿ ತೀರಿಕೊಂಡ ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ಕೇಳಬೇಕೆನ್ನುವವರು, ಅದು ಎಡಕ್ಕೂ ಬಲಕ್ಕೂ ಹರಡುವುದೆಂದು ನಿರೀಕ್ಷಿಸಬಾರದು. ಅದು ಎರಡು ಸ್ಪೀಕರುಗಳ ನಟ್ಟನಡುವಿನಿಂದ ಬರುವುದು; ಹಾಗೆ ಬಂದರೇ ಸರಿ.

ಈ ಯಂತ್ರಕ್ಕೆ ಅಂಗಗಳು ಮೂರು. ಹಾಡನ್ನು ಒದಗಿಸುವ ಮೂಲ ಒಂದು. ಅದು ಮೊಬೈಲಾಗಿರಬಹುದು, ರೇಡಿಯೋ ಆಗಿರಬಹುದು, ತಟ್ಟೆ ತಿರುಗಿಸುವ ಯಂತ್ರವಾಗಿರಬಹುದು. ಆ ಕ್ಷೀಣವಾದ ವಿದ್ಯುತ್ಸಂಕೇತಕ್ಕೆ ಬಲ ತುಂಬುವ ಆಂಪ್ಲಿಫಯರು ಎರಡನೆಯದು. ಆ ಬಲವನ್ನು ಗಾಳಿಯ ಕಂಪನವನ್ನಾಗಿ ಮಾಡುವ ಸ್ಪೀಕರುಗಳು ಮೂರನೆಯವು. ಈಗಿನ ಕಾಲದಲ್ಲಿ ಮೊದಲೆರಡು ಅಂಗಗಳು ಅಲ್ಪ ಬೆಲೆಯವಾದರೂ ಸಾಕಷ್ಟು ನಿರ್ದುಷ್ಟವಾಗಿರುತ್ತವೆ. ದೋಷವೆಲ್ಲ ಹೆಚ್ಚಾಗಿ ತೋರುವುದು ಮೂರನೆಯದರಲ್ಲಿ. ಏತಕ್ಕೆಂದರೆ, ಕಾಗದದ ಅಥವಾ ಬಟ್ಟೆಯ ಒಂದು ತೆಳು ಪೊರೆಯನ್ನು ಅಲುಗಿಸಿ ತಂಬೂರಿಯನ್ನೂ ತಾಳವನ್ನೂ ಕಂಠವನ್ನೂ ಒಟ್ಟಿಗೆ ನುಡಿಸುವುದು ಸುಲಭದ ಕೆಲಸವಲ್ಲ. ಆದುದರಿಂದ ಹಣವನ್ನು ಹತ್ತು ಪಾಲು ಮಾಡಿದರೆ ಆರು ಪಾಲು ಸ್ಪೀಕರುಗಳಿಗೂ, ಮೂರು ಪಾಲು ಆಂಪ್ಲಿಫಯರಿಗೂ, ಉಳಿದೊಂದು ಪಾಲು ತಂತಿ, ಪೀಠ ಮೊದಲಾದುವಕ್ಕೂ ಸಲ್ಲುವುದು ಯುಕ್ತ. ಆಂಪ್ಲಿಫಯರನ್ನು ಸ್ಪೀಕರಿನ ಪೆಟ್ಟಿಗೆಯೊಳಗೇ ಅಡಕಮಾಡಿದ ಜೋಡಿಗಳೂ ದೊರೆಯುತ್ತವೆ. ಹಣ ಪರಿಮಿತವಾಗಿದ್ದು, ತಂತಿಗಳ ಗೋಜಲು ಬೇಡವೆನ್ನುವವರಿಗೆ ಅಂತಹ ಜೋಡಿಯೇ ಲೇಸು. ಬೇರೆ ಬೇರೆಯಾಗಿ ಕೊಳ್ಳುವವರು ಸ್ಪೀಕರಿನ ಹಿಂದೆ ಬರೆದಿರುವ ಓಮ್ ಅಂಕಿಯು, ಅಂದರೆ 4, 6 ಅಥವಾ 8 ಎಂಬುದು, ಆಂಪ್ಲಿಫಯರಿಗೆ ಒಪ್ಪುವುದೋ ಇಲ್ಲವೋ ಎಂದು ನೋಡಿಕೊಳ್ಳತಕ್ಕದ್ದು.

ಇನ್ನು ವ್ಯಾಟುಗಳ ವಿಚಾರ. ಒಂದು ಕಾಲದಲ್ಲಿ ನಮ್ಮ ಪೇಟೆಗಳಲ್ಲಿ ಅಂಗೈಯಗಲದ ಟೇಪ್‌ರಿಕಾರ್ಡರಿನ ಮೇಲೂ ಸಾವಿರ ವ್ಯಾಟು ಎಂದು ಬರೆದು, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಪಿ.ಎಂ.ಪಿ.ಓ. ಎಂದು ಸೇರಿಸುತ್ತಿದ್ದರು. ಅದು ಯಾವ ಅಳತೆಗೂ ಕಟ್ಟುಬೀಳದ ಅಂಕಿ. ಯಂತ್ರವು ಬಿಡದೆ ಕೊಡಬಲ್ಲ ಬಲವನ್ನು ಸೂಚಿಸುವುದು ಆರ್.ಎಂ.ಎಸ್. ಎಂದು ಬರೆದಿರುವ ಅಂಕಿ, ಕೇಳಬೇಕಾದುದು ಅದನ್ನೇ. ಅದಕ್ಕಿಂತಲೂ ಮುಖ್ಯವಾದ, ಆದರೆ ಯಾರೂ ಕೇಳದ ಅಂಕಿ ಮತ್ತೊಂದುಂಟು. ಒಂದು ವ್ಯಾಟು ಬಲ ಕೊಟ್ಟಾಗ ಒಂದು ಮೀಟರು ದೂರದಲ್ಲಿ ಸ್ಪೀಕರು ಎಷ್ಟು ಡೆಸಿಬೆಲ್ ಶಬ್ದ ಮಾಡುವುದೆಂಬುದೇ ಅದು. ಈ ಲೆಕ್ಕದ ವೈಚಿತ್ರ್ಯವನ್ನು ನೋಡಿರಿ: ಬಲವನ್ನು ಇಮ್ಮಡಿ ಮಾಡಿದರೆ ಹೆಚ್ಚುವುದು ಮೂರೇ ಡೆಸಿಬೆಲ್. ಕಿವಿಗೆ ಶಬ್ದವು ಸುಮಾರು ಇಮ್ಮಡಿಯಾದಂತೆ ತೋರಬೇಕಾದರೆ ಹತ್ತು ಡೆಸಿಬೆಲ್ ಹೆಚ್ಚಬೇಕು, ಅದಕ್ಕೆ ಬಲವು ಹತ್ತುಮಡಿಯಾಗಬೇಕು. ಆದಕಾರಣ 89 ಡೆಸಿಬೆಲ್ಲಿನ ಸ್ಪೀಕರು 20 ವ್ಯಾಟಿನಲ್ಲಿ ಮಾಡುವಷ್ಟು ಶಬ್ದವನ್ನು 86 ಡೆಸಿಬೆಲ್ಲಿನ ಸ್ಪೀಕರು ಮಾಡಬೇಕಾದರೆ 40 ವ್ಯಾಟು ಬೇಕು. ಮನೆಯ ನಡುಮನೆಯಲ್ಲಿ ಎಂಟು ಹತ್ತಡಿ ದೂರ ಕುಳಿತು ಹಿತವಾಗಿ ಕೇಳುವುದಕ್ಕೆ ಒಂದೆರಡು ವ್ಯಾಟೇ ಸಾಕಾಗುವುದುಂಟು. ಉಳಿದುದು ಮೃದಂಗದ ಪೆಟ್ಟಿನಂತಹ ಒಮ್ಮೆಲೆ ಏಳುವ ಧ್ವನಿಗಳಿಗೆ ಮೀಸಲು.

ಐದು ಸ್ಪೀಕರು ಮೇಲೋ ಎರಡು ಮೇಲೋ ಎಂಬ ಪ್ರಶ್ನೆಗೆ ಉತ್ತರವು ಭಾಗಾಕಾರ ಬಲ್ಲ ಹುಡುಗನಿಗೂ ಹೊಳೆಯುವಂತಹದು. ಇಪ್ಪತ್ತು ಸಾವಿರವನ್ನು ಆರು ಪೆಟ್ಟಿಗೆಗಳಿಗೆ ಹಂಚಿದರೆ ಒಂದೊಂದಕ್ಕೆ ಬೀಳುವುದೆಷ್ಟು, ಎರಡಕ್ಕೆ ಹಂಚಿದರೆ ಎಷ್ಟು? ಸುತ್ತಲೂ ಸ್ಪೀಕರುಗಳನ್ನಿಡುವ ಏರ್ಪಾಡು ಚಲಚ್ಚಿತ್ರಕ್ಕಾಗಿ ಹುಟ್ಟಿದುದು. ವೀಣೆಯನ್ನೋ ಭಾವಗೀತೆಯನ್ನೋ ದಾಸರ ಪದವನ್ನೋ ಕೇಳುವವರಿಗೆ ಬೆನ್ನ ಹಿಂದೆ ಸ್ಪೀಕರು ಇರಬೇಕಾದ ಅವಶ್ಯಕತೆಯಿಲ್ಲ. ಬೆರಳುದ್ದದ ಎರಡು ಸ್ಪೀಕರುಗಳಿಗೆ ಒಂದು ಗುಡುಗುಪೆಟ್ಟಿಗೆಯನ್ನು ಜೋಡಿಸಿ ಮಾರುವುದೂ ಉಂಟು. ಅದರಲ್ಲಿ ಮಂದ್ರವು ಗುಂಯ್ಗುಟ್ಟುತ್ತದೆ, ತಾರವು ಕಿರುಗುಟ್ಟುತ್ತದೆ. ಮನುಷ್ಯಕಂಠವು ವಾಸಿಸುವ ಮಧ್ಯಸ್ಥಾಯಿಯು ಮಾತ್ರ ಬಡವಾಗಿರುತ್ತದೆ. ಕಂಠವಿಲ್ಲದ ಸಂಗೀತವು ನಮ್ಮ ಮನೆಗಳಲ್ಲಿ ಎಷ್ಟು ಮಾತ್ರ ಕೇಳಿಬರುವುದೆಂದು ವಾಚಕರೇ ಯೋಚಿಸಲಿ.

ಹಾಗಾದರೆ ಅಂಗಡಿಯಲ್ಲಿ ಪರೀಕ್ಷಿಸುವ ಬಗೆ ಹೇಗೆ? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು. ಇದಕ್ಕೆ ಸ್ಥಾಲೀಪುಲಾಕನ್ಯಾಯವೆಂದು ಹೆಸರು. ಆದರೆ ಸ್ಪೀಕರಿನ ವಿಷಯದಲ್ಲಿ ಈ ನ್ಯಾಯ ಸಲ್ಲದು. ಅಂಗಡಿಯವರು ಹಾಕುವ ಒಂದು ಹಾಡು, ಆ ಯಂತ್ರವು ಮೆರೆಯುವಂತೆ ಆರಿಸಿಟ್ಟ ಅಗುಳಾಗಿರುತ್ತದೆ. ಆದುದರಿಂದ ನಿಮ್ಮ ಮನೆಯಲ್ಲಿ ನಿತ್ಯವೂ ಕೇಳುವ ನಾಲ್ಕು ಹಾಡುಗಳನ್ನು ನೀವೇ ಒಯ್ಯಿರಿ. ಒಂದರಲ್ಲಿ ಗಂಡುಕಂಠವಿರಲಿ, ಒಂದರಲ್ಲಿ ಹೆಣ್ಣುಕಂಠ, ಒಂದರಲ್ಲಿ ವೀಣೆ ಮೃದಂಗಗಳು, ಇನ್ನೊಂದು ಬರಿಯ ಮಾತಾಗಿರಲಿ. ಮೃದಂಗದ ಎಡಮುಖದ ಗುಮುಕಿಯು ಒಂದೊಂದಾಗಿ ಬಿಡಿಬಿಡಿಯಾಗಿ ಕೇಳುವುದೋ, ಅಥವಾ ಎಲ್ಲವೂ ಒಂದೇ ಗುಡುಗಾಗಿ ಕಲಸಿಹೋಗುವುದೋ ನೋಡಿರಿ. ತಂಬೂರಿಯ ಝೇಂಕಾರವು ಗಾಯಕರ ಹಿಂದೆ ಎಡೆಬಿಡದೆ ಹರಿಯುವುದೋ, ಕಂಠವೆದ್ದಾಗ ಮಾಯವಾಗುವುದೋ ಗಮನಿಸಿರಿ.

ನಾವು ಉಪಾಧ್ಯಾಯರಾಗಿದ್ದವರಾದ್ದರಿಂದ ಇನ್ನೊಂದು ಪರೀಕ್ಷೆಯನ್ನು ಹೇಳುತ್ತೇವೆ: ಅಕ್ಷರಮಾಲೆಯನ್ನು ಕಿವಿಯಲ್ಲಿಟ್ಟುಕೊಳ್ಳಿರಿ. ಶಕಾರ ಷಕಾರ ಸಕಾರಗಳೆಂಬ ಊಷ್ಮಾಕ್ಷರಗಳೇ ಸ್ಪೀಕರಿಗೆ ಒರೆಗಲ್ಲು. ಶಾರದೆ ಎಂಬಲ್ಲಿನ ಶಕಾರಕ್ಕೂ ಸರಸ್ವತಿ ಎಂಬಲ್ಲಿನ ಸಕಾರಕ್ಕೂ ಇರುವ ಭೇದ ಸ್ಪಷ್ಟವಾಗಿ ಕೇಳಬೇಕು; ಆದರೆ ಸಕಾರವು ಸೀಳುಗತ್ತಿಯಂತೆ ಕಿವಿಯನ್ನು ಚುಚ್ಚಬಾರದು. ಹಾಡಿನ ಮಾತು ಅರ್ಥವಾಗದಂತೆ ನುಡಿಯುವ ಸ್ಪೀಕರು ಎಷ್ಟು ಗುಡುಗಿದರೇನು? ಮತ್ತೊಂದು ಎಚ್ಚರಿಕೆ: ಎರಡು ಯಂತ್ರಗಳನ್ನು ಹೋಲಿಸುವಾಗ ಎರಡರ ಶಬ್ದವನ್ನೂ ಸಮವಾಗಿಡಿಸಬೇಕು. ತುಸು ಜೋರಾಗಿ ನುಡಿಯುವುದೇ ಉತ್ತಮವೆಂದು ತೋರುವುದು ಕಿವಿಯ ಸ್ವಭಾವ, ಮಾರುವವರು ಇದನ್ನು ಚೆನ್ನಾಗಿ ಬಲ್ಲರು. ಇಪ್ಪತ್ತು ನಿಮಿಷ ಕೇಳಿದ ಮೇಲೂ ಇನ್ನಷ್ಟು ಕೇಳೋಣವೆನ್ನಿಸಿದರೆ ಅದು ಒಳ್ಳೆಯ ಗುರುತು. ಸಾಕಪ್ಪಾ ಎನ್ನಿಸಿದರೆ ಬೆಲೆ ಎಷ್ಟು ಇಳಿದಿದ್ದರೂ ಬಿಟ್ಟು ಬನ್ನಿರಿ.

ಮನೆಯಲ್ಲಿ ವೃದ್ಧರಿದ್ದರೆ ಈ ಪರೀಕ್ಷೆಗೆ ಇನ್ನಷ್ಟು ಬೆಲೆಯುಂಟು. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನು. ಸ್ವರಾಕ್ಷರಗಳ ಬಲವು ಕೆಳಗಿನ ಕಂಪನಗಳಲ್ಲಿ ಇರುವುದರಿಂದ ಅವು ಕೇಳುತ್ತವೆ. ಕಕಾರ ತಕಾರ ಸಕಾರಾದಿ ವ್ಯಂಜನಗಳ ಗುರುತು ಮೇಲಿನ ಕಂಪನಗಳಲ್ಲಿ ಇರುವುದರಿಂದ ಅವು ತಪ್ಪಿಹೋಗುತ್ತವೆ. ಆದುದರಿಂದಲೇ ಹಿರಿಯರು, “ಶಬ್ದ ಕೇಳುತ್ತದೆ, ಮಾತು ತಿಳಿಯುವುದಿಲ್ಲ” ಎನ್ನುವುದು. ಮನೆಯವರು ಇದನ್ನರಿಯದೆ ಶಬ್ದವನ್ನು ಏರಿಸುವರು; ಮಂದ್ರದ ಗುಡುಗು ಹೆಚ್ಚಿ ಮಾತು ಮತ್ತಷ್ಟು ಮುಚ್ಚಿಹೋಗುವುದು. ಇಂತಹ ಮನೆಗೆ ಬೇಕಾದುದು ಹೆಚ್ಚು ಶಬ್ದವಲ್ಲ, ಹೆಚ್ಚು ಸ್ಪಷ್ಟತೆ. ಯಂತ್ರಕ್ಕಿಂತ ಮುಂಚೆ ಹಿರಿಯರ ಕಿವಿಯನ್ನು ವೈದ್ಯರಿಂದ ಪರೀಕ್ಷೆ ಮಾಡಿಸುವುದು ಮಕ್ಕಳ ಕರ್ತವ್ಯವೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ.

ಒಳ್ಳೆಯ ಸ್ಪೀಕರು ಕೆಟ್ಟ ಸ್ಥಳದಲ್ಲಿ ಕುಳಿತರೆ ಕೆಟ್ಟದಾಗಿಯೇ ನುಡಿಯುವುದು. ನಮ್ಮ ಮನೆಗಳ ನೆಲ ಕಲ್ಲಿನದು, ಗೋಡೆ ಬರಿದು. ಶಬ್ದವು ಚೆಂಡಿನಂತೆ ಪುಟಿಯುತ್ತದೆ. ಒಂದು ಜಮಖಾನೆ, ಕಿಟಕಿಗೆ ದಪ್ಪ ಪರದೆ, ಗೋಡೆಗೆ ತುಂಬಿದ ಪುಸ್ತಕದ ಬೀರು, ಇವುಗಳಿಂದ ಆಗುವ ಉಪಕಾರವು ಸಾವಿರಾರು ರೂಪಾಯಿಗಳ ಯಂತ್ರದಿಂದಲೂ ಆಗದು. ಎರಡು ಸ್ಪೀಕರುಗಳೂ ಕೇಳುವವನೂ ಸಮಬಾಹು ತ್ರಿಕೋಣದ ಮೂರು ಮೂಲೆಗಳಾಗಿರಲಿ. ಸ್ಪೀಕರಿನೊಳಗಿನ ಮೇಲಿನ ಕಿರುಪೊರೆಯು ಕುಳಿತವನ ಕಿವಿಯ ಮಟ್ಟಕ್ಕೆ ಬರಲಿ. ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ಮಂದ್ರವು ಅತಿಯಾಗಿ ಊದಿಕೊಳ್ಳುವುದರಿಂದ ಒಂದೆರಡು ಗೇಣಾದರೂ ಈಚೆಗೆ ಇರಲಿ. ಬೀರುವಿನ ತಲೆಯ ಮೇಲೆ ಒಂದು, ದೂರದರ್ಶನದ ಹಿಂದೆ ಇನ್ನೊಂದು ಎಂದು ಇಡುವವರು ಸ್ಟೀರಿಯೋವನ್ನು ಕೊಳ್ಳುವುದೇ ವ್ಯರ್ಥ.

ತಂತಿಗೆ ಬಹಳ ಹಣ ಸುರಿಯಬೇಡಿರಿ. ಹತ್ತು ಹದಿನೈದಡಿ ದೂರಕ್ಕೆ 16 ಗೇಜಿನ ಸಾಮಾನ್ಯ ತಾಮ್ರದ ತಂತಿ ಸಾಕು; ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ಲೇಪ ಕೊಟ್ಟುದು ಮಾತ್ರ ಬೇಡ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಬೇಕು. ಒಂದು ಸ್ಪೀಕರಿನಲ್ಲಿ ಮಾತ್ರ ಅದಲುಬದಲಾದರೆ ಮಂದ್ರವು ಸೊರಗಿ, ಕಂಠವು ಎಲ್ಲಿಂದ ಬರುವುದೆಂದೇ ತಿಳಿಯದು. ಮೇಲೆ ಹೇಳಿದ ಹಳೆಯ ಏಕಮಾರ್ಗದ ಹಾಡು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದನ್ನು ಹಾಕಿ ಕೇಳಿರಿ: ಕಂಠವು ನಡುವಿನಲ್ಲಿ ನಿಂತರೆ ಜೋಡಣೆ ಸರಿ, ಚದರಿದರೆ ತಪ್ಪು.

ಮೂಲದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೊಬೈಲಿನಿಂದ ತಂತಿಯ ಮೂಲಕವೋ ಬ್ಲೂಟೂತಿನಿಂದಲೋ ಹಾಡಿಸುವುದು ಮೊದಲ ಯಂತ್ರಕ್ಕೆ ಧಾರಾಳವಾಗಿ ಸಾಕು. ಅಜ್ಜನ ಕಾಲದ ತಟ್ಟೆಗಳಿರುವ ಮನೆಯವರು ಮಾತ್ರ ಎರಡು ಸಂಗತಿಗಳನ್ನು ತಿಳಿದಿರಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳ ಗೀರು ಅಗಲವಾದುದರಿಂದ ಅದಕ್ಕೆ ಬೇರೆ ಮುಳ್ಳು ಬೇಕು. ಮತ್ತು ತಟ್ಟೆಯ ಸಂಕೇತವು ಅತಿಕ್ಷೀಣವಾದುದರಿಂದ ಫೋನೋ ಎಂಬ ಪ್ರತ್ಯೇಕ ವರ್ಧಕವು ನಡುವೆ ಇರಬೇಕು. ಅಮೆರಿಕದಲ್ಲಿರುವ ಮಕ್ಕಳು ಅಲ್ಲಿಂದ ಯಂತ್ರ ತಂದುಕೊಡುವುದಾದರೆ, ಅಲ್ಲಿಯ ವಿದ್ಯುತ್ತು 120 ವೋಲ್ಟು, ಇಲ್ಲಿಯದು 230 ಎಂಬುದನ್ನು ಮರೆಯಬಾರದು. ಯಂತ್ರದ ಹಿಂದೆ ಎರಡಕ್ಕೂ ಒಪ್ಪುವುದೆಂದು ಬರೆದಿರದಿದ್ದರೆ, ಪ್ರೀತಿಯ ಆ ಕಾಣಿಕೆಯು ಒಂದು ಕ್ಷಣದಲ್ಲಿ ಹೊಗೆಯಾದೀತು.

ಬಳಸಿದ ಯಂತ್ರವನ್ನು ಕೊಳ್ಳುವುದು ಅಪಮಾನವೇನೂ ಅಲ್ಲ. ನೋಡಿ ಕೊಂಡರೆ ಅದೇ ಹಣಕ್ಕೆ ಮೇಲ್ತರದ್ದು ದೊರೆತೀತು. ಸ್ಪೀಕರಿನ ಪೊರೆಯ ಸುತ್ತಣ ಅಂಚು ಸ್ಪಂಜಿನದಾಗಿದ್ದರೆ ಹತ್ತಿಪ್ಪತ್ತು ವರ್ಷಗಳಲ್ಲಿ ಅದು ಪುಡಿಯಾಗುವುದು. ತೇವದ ಹವೆ ಇದನ್ನು ಬೇಗನೆ ಮಾಡುವುದು. ರಬ್ಬರಿನ ಅಂಚು ಹೆಚ್ಚು ಬಾಳುವುದು. ಶಬ್ದದ ಗುಂಡಿಯನ್ನು ಮೆಲ್ಲಗೆ ತಿರುಗಿಸಿದಾಗ ಚರಚರವೆಂದರೆ ಬೆಲೆ ಇಳಿಸಿ ಕೇಳಬಹುದು. ಹೊಸದಾಗಲಿ ಹಳೆಯದಾಗಲಿ, ಸಾಲದ ಕಂತಿನಲ್ಲಿ ಸಂಗೀತವನ್ನು ಕೊಳ್ಳಬೇಡಿರೆಂಬುದು ನಮ್ಮ ಅಭಿಮತ. ತಿಂಗಳು ತಿಂಗಳಿಗೆ ಕಂತು ಕಟ್ಟುವಾಗ ಯಾವ ರಾಗವೂ ಇಂಪೆನಿಸದು. ಮುಂಗಾರಿಗೆ ಮುಂಚಿನ ಸಿಡಿಲಿನ ದಿನಗಳಲ್ಲಿ ಪ್ಲಗ್ಗನ್ನು ಕಿತ್ತಿಡುವುದನ್ನು ಮನೆಯ ಒಂದು ನಿಯಮವನ್ನಾಗಿ ಮಾಡಿಕೊಳ್ಳಿರಿ.

ನಮ್ಮ ಶಿಷ್ಯನು ಇವನ್ನೆಲ್ಲ ಕೇಳಿ, ಮಗಳನ್ನೂ ಕರೆದುಕೊಂಡು ಮೂರು ಅಂಗಡಿಗಳನ್ನು ಸುತ್ತಿದನು. ವೀಣೆಯ ಕಿವಿಯುಳ್ಳ ಆ ಹುಡುಗಿಯು, ಎಲ್ಲಕ್ಕಿಂತ ಚಿಕ್ಕದಾಗಿ ಕಾಣುತ್ತಿದ್ದ ಒಂದು ಮರದ ಜೋಡಿಯನ್ನು ಆರಿಸಿದಳು. ಆಂಪ್ಲಿಫಯರು ಅದರೊಳಗೇ ಇದ್ದಿತು. ಅದಕ್ಕೆ ಹದಿಮೂರು ಸಾವಿರವೂ, ಬಡಗಿಯಿಂದ ಮಾಡಿಸಿದ ಎರಡು ಪೀಠಗಳಿಗೆ ಒಂದೂವರೆ ಸಾವಿರವೂ ಆಯಿತು. ಉಳಿದ ಐದೂವರೆ ಸಾವಿರದಲ್ಲಿ ತಾಯಿಯ ಕಿವಿಯ ಪರೀಕ್ಷೆಯ ಖರ್ಚೂ ನಡೆಯಿತಂತೆ. ಗುಡುಗುಪೆಟ್ಟಿಗೆ ಬರಲಿಲ್ಲವೆಂದು ಮಗನಿಗೆ ಒಂದು ವಾರ ಅಸಮಾಧಾನವಿದ್ದಿತು; ತಾಯಿಯವರು “ಇಷ್ಟು ಸಣ್ಣ ಪೆಟ್ಟಿಗೆಗೆ ಇಷ್ಟು ದುಡ್ಡೇ?” ಎಂದು ಗದರಿಸಿದರು. ಆದರೆ ಮೂರನೆಯ ದಿನ ಬೆಳಿಗ್ಗೆ ಆಕೆಯೇ, “ನಿನ್ನೆ ಹಾಕಿದ್ದ ಆ ದೇವರನಾಮ ಮತ್ತೊಂದು ಸಲ ಹಾಕೋ, ಮಾತೆಲ್ಲ ತಿಳಿಯಿತು” ಎಂದು ಕೇಳಿದರಂತೆ. ಅವನು ಇದನ್ನು ನಮಗೆ ಹೇಳುವಾಗ ಯಂತ್ರದ ಗುಣವನ್ನು ಒಂದು ಮಾತಿನಲ್ಲಿಯೂ ಹೊಗಳಲಿಲ್ಲ.

ಕೊನೆಯದಾಗಿ ನೆರೆಹೊರೆಯ ಮಾತು. ನಮ್ಮ ದೇಶದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಎಂದು ಮಿತಿಯನ್ನು ಹೇಳಿವೆ. ಆದರೆ ನಿಯಮಕ್ಕಿಂತ ದಾಕ್ಷಿಣ್ಯವು ದೊಡ್ಡದು. ಪಕ್ಕದ ಮನೆಯಲ್ಲಿ ಓದುವ ಮಗುವೋ ಕಾಯಿಲೆಯವರೋ ಇದ್ದಾರೆಂಬುದನ್ನು ನೆನೆದು ಗುಂಡಿ ತಿರುಗಿಸುವವನೇ ಸಂಗೀತವನ್ನು ಬಲ್ಲವನು.

1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ತೆರೆದರು. ಅದೇ ಆಕಾಶವಾಣಿ ಎಂಬ ಹೆಸರನ್ನು ಹೊತ್ತಿತು. ಆ ಕಾಲದ ರೇಡಿಯೋ ಪೆಟ್ಟಿಗೆಗೆ ಸ್ಪೀಕರು ಒಂದೇ, ಧ್ವನಿ ಏಕಮಾರ್ಗದ್ದು, ನಡುನಡುವೆ ಗೊರಗೊರ ಬೇರೆ. ಆದರೂ ಪೆಟ್ಟಿಗೆಯಿದ್ದ ಮನೆಯಲ್ಲಿ ಎಲ್ಲರೂ ಒಂದು ಕಡೆ ಕುಳಿತು ಒಂದೇ ಹಾಡನ್ನು ಕೇಳುತ್ತಿದ್ದರು. ಇಂದು ಸಾಧನಗಳು ಎಷ್ಟೋ ಪಾಲು ಮೇಲಾಗಿವೆ. ಒಟ್ಟಿಗೆ ಕುಳಿತುಕೊಳ್ಳುವುದೊಂದೇ ಕಡಿಮೆಯಾಗಿದೆ. ಆದಕಾರಣ ಯಂತ್ರವನ್ನು ತಂದ ಮೇಲೆ ದಿನಕ್ಕೆ ಅರ್ಧ ಗಂಟೆಯನ್ನಾದರೂ, ದೀಪ ಹಚ್ಚಿದ ಬಳಿಕವೋ ಊಟಕ್ಕೆ ಮುಂಚೆಯೋ, ಮನೆಮಂದಿಯೆಲ್ಲ ಕೇಳುವ ಹೊತ್ತೆಂದು ಗೊತ್ತುಮಾಡಿಕೊಳ್ಳಿರಿ. ಇಂದು ಅಜ್ಜಿಯ ಸರದಿ, ನಾಳೆ ಮೊಮ್ಮಗನ ಸರದಿ ಎಂದಿರಲಿ. ಅಂಕಿಗಳನ್ನು ಬಿಟ್ಟು ಕಿವಿಯನ್ನು ನಂಬಿ, ಮಿತವಾದ ಹಣದಲ್ಲಿ ಎರಡು ಒಳ್ಳೆಯ ಸ್ಪೀಕರುಗಳನ್ನು ಆರಿಸಿದವರಿಗೆ ಆ ಅರ್ಧ ಗಂಟೆಯು ತಾನಾಗಿಯೇ ಒಂದು ಗಂಟೆಯಾಗುವುದು. ಕೊಂಡವರು ತಮ್ಮ ಅನುಭವವನ್ನು ಬರೆದು ತಿಳಿಸಿದರೆ ಮುಂದೊಂದು ಸಂಚಿಕೆಯಲ್ಲಿ ಎಲ್ಲರೊಡನೆ ಹಂಚಿಕೊಳ್ಳೋಣ.